ಮೊದಲನೇ ಬೋರ್ಡ್

ನಮ್ಮ ಅಪ್ಪ ಬೈಲಪ್ಪನವರಿಗೆ ಮಕ್ಕಳಿಬ್ಬರೂ ಸಮ. ಗರುಡಾಚಾರ್‌ಪಾಳ್ಯದಲ್ಲಿ ಯಾರನ್ನು ಬೇಕಾದರೂ ಕೇಳಿ, ಹಾಗೇ ಹೇಳುತ್ತಾರೆ. ಅಪ್ಪನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಮ್ಮ ರಾಗಿ ಹೊಲದಲ್ಲಿ ಈಗ ಗಾಜಿನ ಆಫೀಸು ನಿಂತಿದೆ. ಅದರ ಬಾಡಿಗೆಯಲ್ಲಿ ಅಪ್ಪ ರೇಸ್ ತಂಡ ಕಟ್ಟಿದರು. ಹಳೆಯ, ಭಾರದ, ದೊಡ್ಡ ಇಂಜಿನ್ನಿನ ಕಾರು ನನಗೆ. ಹೊಸ, ಹಗುರವಾದ ಕಾರು ತಮ್ಮ ಲಿಖಿತನಿಗೆ. ಅಷ್ಟು ಸಮ.

ಆ ಹಳೇ ಗಾಡಿಯಲ್ಲೇ ನಾನು ಎರಡು ವರ್ಷ ಎರಡನೆಯವಳಾಗಿ ಬಂದಿದ್ದೆ. ಈ ವರ್ಷ ಗೆಲ್ಲಬೇಕಿತ್ತು. ಅದೊಂದೇ ಆಸೆ ನನಗಿದ್ದದ್ದು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಮ್ಮ ರೇಸಿನಲ್ಲಿ ಬೇರೆ ಬೇರೆ ಕಂಪನಿಯ ಕಾರುಗಳು ಒಟ್ಟಿಗೆ ಓಡುತ್ತವೆ. ಒಂದೇ ಕಾರು ಎಲ್ಲವನ್ನೂ ಬಿಟ್ಟು ಓಡಿಹೋದರೆ ನೋಡುವವರಿಗೆ ಏನು ಮಜಾ? ಅದಕ್ಕೇ ಸೀಸನ್ ಶುರುವಾಗುವ ಮುಂಚೆ ರೇಸ್ ನಡೆಸುವವರು ಟೆಸ್ಟ್ ಇಡುತ್ತಾರೆ. ಜೋರಾಗಿ ಓಡಿದ ಕಾರಿಗೆ ಸೀಸದ ಗಟ್ಟಿಗಳನ್ನು ಹೊರಿಸುತ್ತಾರೆ, ಇಂಜಿನ್ನಿಗೆ ಹೋಗುವ ಗಾಳಿ ಕಡಿಮೆ ಮಾಡುತ್ತಾರೆ. ಹಿಂದೆ ಬಿದ್ದ ಕಾರಿನ ಭಾರ ಇಳಿಸುತ್ತಾರೆ. ಹಾಗಾಗಿ ಟೆಸ್ಟಿನ ದಿನ ಎಲ್ಲರೂ ಸ್ವಲ್ಪ ಕುಂಟುತ್ತಾರೆ, ಸಿಕ್ಕಿಬೀಳದಷ್ಟು. ಸಿಕ್ಕಿಬಿದ್ದರೆ ತಂಡವನ್ನೇ ಹೊರಗೆ ಹಾಕುತ್ತಾರೆ.

ಈ ಸಲ ಕಾರುಗಳಿಗೆ ಪೂಜೆ ಆದಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

“ಅಮ್ಮಣ್ಣಿ, ಟೆಸ್ಟಲ್ಲಿ ತಡ್ಕೊಂಡು ಓಡ್ಸು. ನಿನ್ ಗಾಡಿ ಭಾರ ಇಳೀಲಿ.”

“ಲಿಖಿತ್?”

“ಇಬ್ರೂ ನಿಧಾನ ಆದ್ರೆ ಅನುಮಾನ ಬರ್ತದೆ. ಅವನು ಓಡಿಸ್ಕೊಳ್ಲಿ. ಅವನಿಗೆ ಹೇಳ್ಬೇಡ, ಬಾಯಿ ನಿಲ್ಲಲ್ಲ. ತಡ್ದು ಓಡ್ಸಾಕೆ ನಿನ್ನಂಥ ಕೈಯೇ ಬೇಕು ಕಣಮ್ಮ.”

ಆ ಮಾತಿಗೆ ನಾನು ಉಬ್ಬಿಹೋದೆ.

ಟ್ರ್ಯಾಕಿನ ಉದ್ದನೆಯ ನೇರ ದಾರಿ ಮುಗಿದು ಬಲಕ್ಕೆ ತಿರುಗುವ ಮುಂಚೆ ಮೂರು ಬೋರ್ಡುಗಳಿವೆ, ಎಲ್ಲಿ ಬ್ರೇಕ್ ಒತ್ತಬೇಕೆಂದು ಅಂದಾಜು ಮಾಡಿಕೊಳ್ಳಲು. ನಾನು ಮೂರನೆಯದರವರೆಗೂ ನುಗ್ಗಿ ಒತ್ತುವವಳು. ಅವತ್ತು ಪ್ರತಿ ಸುತ್ತಿನಲ್ಲೂ ಮೊದಲನೆಯದರಲ್ಲೇ ಒತ್ತಿದೆ. ಎಲ್ಲಿ ಒತ್ತಿದೆ ಅನ್ನುವುದೂ ಟೆಸ್ಟಿನ ಪೇಪರಿನಲ್ಲಿ ದಾಖಲಾಗುತ್ತದೆ. ನನ್ನ ಮೆಕ್ಯಾನಿಕ್, ಶಿವಾಜಿನಗರದ ಅಫ್ಜಲ್, ಒಂದೇ ಸುತ್ತು ನೋಡಿ ವಿಷಯ ತಿಳಿದುಕೊಂಡ. ನನಗಿಂತ ಮುಂದೆ ಬಂದೆನೆಂದು ಲಿಖಿತ್ ಕುಣಿದಾಡಿದ.

ಅಂದುಕೊಂಡಂತೆಯೇ ಆಯಿತು. ನನ್ನ ಕಾರಿನ ಭಾರ ಇಳಿಸಿದರು, ಲಿಖಿತನ ಕಾರಿಗೆ ಸೀಸ ಹೊರಿಸಿದರು. ಮಾರನೇ ವಾರ ಅಪ್ಪ ಗ್ಯಾರೇಜಿಗೆ ಬಂದರು.

“ಈ ವರ್ಷ ದುಡ್ಡು ಹಾಕೋ ಸ್ಪಾನ್ಸರ್ ಒಂದೇ ಕಾರು ಸಾಕು ಅಂತವ್ರೆ. ನಿನ್ ಗಾಡೀನೇ ಕಳಿಸಾಣ.”

ಕುಣಿಯಬೇಕೆನಿಸಿತು.

“ಲಿಖಿತ್ ಓಡಿಸ್ತಾನೆ,” ಅಂದರು.

“ನನ್ ಗಾಡೀನಾ? ಯಾಕೆ?”

“ಟೆಸ್ಟಲ್ಲಿ ಅವನ ಟೈಮ್ ಮುಂದೈತಲ್ಲಮ್ಮ. ಸ್ಪಾನ್ಸರ್ ಕೇಳಿದ್ರೆ ಏನಂತ ಹೇಳ್ಲಿ?”

“ತಡ್ಕೊಂಡು ಓಡ್ಸು ಅಂದಿದ್ದು ನೀನೇ ಅಲ್ವೇನಪ್ಪ?”

“ಅದನ್ನ ಬಾಯ್ಬಿಟ್ಟು ಹೇಳಾಕಾಗ್ತದಾ? ತಂಡಾನೇ ಹೊರಗಾಕ್ತಾರೆ. ಪೇಪರ್ ಮೇಲೆ ಇರೋದು ಅದೇ. ಮಕ್ಕಳಲ್ಲಿ ನಾನ್ಯಾವತ್ತಾದ್ರೂ ಭೇದ ಮಾಡಿದ್ದೀನಾ, ಹೇಳು?”

ಅಪ್ಪನ ಮುಖದಲ್ಲಿ ಕಳ್ಳತನ ಇದ್ದಿದ್ದರೆ ಕೂಗಾಡುತ್ತಿದ್ದೆ. ಇರಲಿಲ್ಲ. ಪೂಜೆಯ ದಿನವೇ ಇದನ್ನೆಲ್ಲ ಯೋಚಿಸಿದ್ದರೋ ಆಮೇಲೆ ಅನುಕೂಲಕ್ಕೆ ಒದಗಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದೇ ಆಗಿದ್ದರೂ ನಾನು ಕ್ಷಮಿಸುವುದಿಲ್ಲ.

ಮಧ್ಯಾಹ್ನ ಅಫ್ಜಲ್ ನನ್ನ ಸೀಟು ಬಿಚ್ಚತೊಡಗಿದ. ನನ್ನ ಬೆನ್ನಿನ ಅಳತೆಗೇ ಮಾಡಿಸಿದ್ದ ಸೀಟು ಅದು. ಲಿಖಿತ್ ಅದರಲ್ಲಿ ಹಿಡಿಸುವುದಿಲ್ಲ.

“ಲಿಖಿತ್‌ಗಾದ್ರೂ ನಿಜ ಹೇಳ್ಬಿಡು,” ಅಂದ ಅಫ್ಜಲ್, ನನ್ನ ಕಡೆ ನೋಡದೆ.

ನಾನು ಉತ್ತರ ಕೊಡುವಷ್ಟರಲ್ಲಿ ಲಿಖಿತನೇ ಬಂದ. ಕೈಯಲ್ಲಿ ಮಾಸ್ಕ್ ರೋಡಿನ ಬಿರಿಯಾನಿ, ನನ್ನನ್ನು ಸಮಾಧಾನ ಮಾಡಲು.

“ಬೇಜಾರ್ ಮಾಡ್ಕೋಬೇಡ ಅಕ್ಕ. ನಿಂಗೂ ವಯಸ್ಸಾಯ್ತು, ಸ್ಪೀಡ್ ಕಮ್ಮಿ ಆಗುತ್ತೆ, ಅದು ಸಹಜ. ಅಪ್ಪಾನೂ ಅದೇ ಅಂದ್ರು.”

ಅಪ್ಪನೂ ಅದೇ ಅಂದರಂತೆ. ನಾನು ಬಿರಿಯಾನಿ ಪೊಟ್ಟಣ ಇಸಿದುಕೊಂಡು ಟೂಲ್‌ಬಾಕ್ಸಿನ ಮೇಲೆ ಇಟ್ಟೆ.

“ಈ ಗಾಡಿ ನಂಗೆ ಅಭ್ಯಾಸ ಇಲ್ಲ,” ಅಂದ. “ಆ ಉದ್ದ ದಾರಿ ಕೊನೇಲಿ ನೀನು ಎಲ್ಲಿ ಬ್ರೇಕ್ ಹಾಕ್ತೀಯಾ?”

ಅಫ್ಜಲ್ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದ.

“ಮೊದಲನೇ ಬೋರ್ಡಲ್ಲಿ,” ಅಂದೆ. “ಅದು ದಾಟಿದ್ರೆ ಗಾಡಿ ನಿಲ್ಲಲ್ಲ. ಬೇಕಿದ್ರೆ ಅಪ್ಪನ್ನ ಕೇಳು, ಪೇಪರ್ ಮೇಲೂ ಅದೇ ಇದೆ.”

ಲಿಖಿತ್ ಥ್ಯಾಂಕ್ಸ್ ಹೇಳಿ ಮೊಬೈಲಿನಲ್ಲಿ ಬರೆದುಕೊಂಡ.