ಡ್ರಮ್ಮಿನ ಹುಳುಗಳು

ನಮ್ಮ ಕಟ್ಟಡದವರ ಮೂಗು ಬಹಳ ಸೂಕ್ಷ್ಮ, ಕೈ ಮಾತ್ರ ಕೊಳಕು. ತಾರಸಿ ತೋಟದ ಗೊಬ್ಬರದ ಡ್ರಮ್ಮಿಗೆ ತರಕಾರಿ ಸಿಪ್ಪೆ ಬಿಟ್ಟು ಬೇರೇನೂ ಹಾಕಬೇಡಿ ಎಂದು ಮನೆಮನೆಗೂ ಹೋಗಿ ಬೇಡಿಕೊಂಡಿದ್ದೆ. ಅವರು ಮಕ್ಕಳ ಡೈಪರ್ ಹಾಕಿದರು, ಕ್ಷೌರದ ಬ್ಲೇಡ್ ಹಾಕಿದರು, ಆಮೇಲೆ ಗಬ್ಬುನಾತ ಎಂದು ಕಟ್ಟಡದ ಸಂಘದ ಅಧ್ಯಕ್ಷರಿಗೆ ದೂರನ್ನೂ ಕೊಟ್ಟರು. ಅದನ್ನೆಲ್ಲ ಕೈಯಾರೆ ಹೆಕ್ಕಿ ತೆಗೆದವಳು ನಾನು. ಊಟಕ್ಕೆ ಕೂತರೆ ಉಗುರಿನ ಸಂದಿಯಿಂದ ಆ ನಾತ ಬರುತ್ತಿತ್ತು.

ಡ್ರಮ್ಮಿನೊಳಗಿನ ಹುಳುಗಳ ಬಗ್ಗೆ ಮಾತ್ರ ನನಗೆ ಹೇಸಿಗೆ ಇರಲಿಲ್ಲ. ಕೊಟ್ಟದ್ದನ್ನು ತಿಂದು, ಯಾರ ಮೇಲೂ ದೂರು ಹೇಳದೆ ಗೊಬ್ಬರ ಮಾಡಿಕೊಡುತ್ತಿದ್ದವು. ಡ್ರಮ್ಮಿನ ನಲ್ಲಿಯಿಂದ ಇಳಿಯುವ ಕಂದು ನೀರನ್ನು ಅಕ್ಕ ದಿನಾ ಬೆಳಿಗ್ಗೆ ಸೊಪ್ಪಿನ ಮಡಿಗಳಿಗೆ ಹನಿಸುತ್ತಿದ್ದಳು.

ತೋಟ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಅಧ್ಯಕ್ಷರು ಭಾನುವಾರ ಬರುವವರಿದ್ದರು. ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಆ ತೋಟ ಕಟ್ಟಿದ್ದೆ ನಾನು. ಅಕ್ಕನ ಗಂಡನಿಗೆ ಉಪಾಯ ಹೊಳೆದಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಸಾಮಿ ನಮ್ಮ ಭಾವ. ಜನ ನಾತ ಎಂದರಲ್ಲ, ಯಾರಿಗೂ ಹೇಳದೆ ಡ್ರಮ್ಮಿಗೆ ಇಡೀ ಕ್ಯಾನ್ ಫಿನಾಯಿಲ್ ಸುರಿದುಬಿಟ್ಟಿದ್ದ.

ಭಾನುವಾರ ನಾನು ಮುಚ್ಚಳ ತೆಗೆದಾಗ ಹುಳುಗಳೆಲ್ಲ ಬೆಳ್ಳಗೆ ಊದಿಕೊಂಡು ಸತ್ತು ಬಿದ್ದಿದ್ದವು. ಏನೂ ತಿಳಿಯದ ಅಕ್ಕ ಆಗಲೇ ನೀರು ಹನಿಸಿ ಮುಗಿಸಿದ್ದಳು. ತೋಟಕ್ಕೆ ತೋಟವೇ ಆಸ್ಪತ್ರೆಯ ಕಕ್ಕಸಿನಂತೆ ನಾರುತ್ತಿತ್ತು.

ಅಧ್ಯಕ್ಷರು ಬಂದು, ಎದೆ ತುಂಬ ಉಸಿರೆಳೆದು, ಈಗ ಪರವಾಗಿಲ್ಲ ಎಂದು ಮೆಚ್ಚಿದರು. ಭಾವ ಹಲ್ಲು ಕಿರಿಯುತ್ತ ಒಂದು ಹಿಡಿ ಪಾಲಕ್ ಕಿತ್ತು ಅವರ ಕೈಗಿಟ್ಟ. ಅಕ್ಕ ನನ್ನ ತೋಳು ಒತ್ತಿದಳು. ಬಾಯಿ ಬಿಟ್ಟರೆ ತಾರಸಿ ಕೈಬಿಟ್ಟು ಹೋಗುತ್ತದೆ ಎಂದು ನನಗೂ ಗೊತ್ತಿತ್ತು.

"ಅದನ್ನ ತಿನ್ಬೇಡಿ," ಅಂದೆ. "ಫಿನಾಯಿಲ್ ಕುಡಿದಿರೋ ಸೊಪ್ಪು ಅದು."

ಅವರು ಸೊಪ್ಪನ್ನು ಕಟ್ಟೆಯ ಮೇಲಿಟ್ಟು ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು.

"ಸೊಪ್ಪು ಯಾರಿಗೆ ಬೇಕಮ್ಮ, ಅಂಗಡೀಲಿ ಸಿಗುತ್ತೆ. ನೋಡೋಕೆ ಹಸಿರಾಗಿದೆ, ತೋಟ ಇರ್ಲಿ. ದಿನಾ ಹೀಗೇ ಫಿನಾಯಿಲ್ ಹಾಕ್ತಿರಿ, ಅಷ್ಟೇ."

ಭಾವ ಗೆದ್ದವನಂತೆ ನನ್ನ ಕಡೆ ನೋಡಿದ. ಅವರೆಲ್ಲ ಕೆಳಗಿಳಿದ ಮೇಲೆ ನಾನು ಸೊಪ್ಪನ್ನು ಬೇರುಸಮೇತ ಕಿತ್ತು ಡ್ರಮ್ಮಿಗೆ ತುಂಬಿದೆ. ಅದರಲ್ಲಿ ತಿನ್ನುವವರು ಯಾರೂ ಉಳಿದಿರಲಿಲ್ಲ.