ಮಾವನವರ ಪಾಸ್‌ವರ್ಡ್

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತೆ, ಅದನ್ನೇನೂ ನಾನು ಮುಚ್ಚಿಡೋದಿಲ್ಲ. ಅವತ್ತು ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತಾಗ ಅದು ನೆತ್ತಿಗೇ ಏರಿತು. ಪರದೆ ತುಂಬ ದೊಡ್ಡ ಅಕ್ಷರದಲ್ಲಿ, ‘ನಿಮ್ಮ ಕಂಪ್ಯೂಟರ್ ಅಪ್‌ಡೇಟ್ ಆಗಿದೆ, ಎಲ್ಲವೂ ಸಿದ್ಧ’ ಅಂತ ಬಂದಿತ್ತು. ಸಿದ್ಧವಂತೆ ಸಿದ್ಧ! ಇಂಟರ್ನೆಟ್ ಕನೆಕ್ಟ್ ಆಗಿದೆ ಅಂತ ಕೆಳಗೆ ಮೂಲೆಯಲ್ಲಿ ತೋರಿಸ್ತಿದೆ, ಆದರೆ ಒಂದೇ ಒಂದು ಪುಟ ಜಪ್ಪಯ್ಯ ಅಂದರೂ ತೆರೀತಾ ಇಲ್ಲ.

ನನ್ನ ಕೆಲಸ ಟೈಪ್ ಮಾಡೋದು. ಕಿವಿ ಕೇಳದವರು ಆಸ್ಪತ್ರೆಗೋ, ಕಚೇರಿಗೋ, ಯಾವುದಾದರೂ ಸಭೆಗೋ ಹೋದಾಗ ಅಲ್ಲಿ ಆಡುವ ಮಾತನ್ನೆಲ್ಲ ನಾನು ಇಲ್ಲಿ ಮನೆಯಲ್ಲಿ ಕೂತು ಕೇಳಿಸಿಕೊಳ್ತೀನಿ. ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡ್ತೀನಿ. ಅದು ಆ ಕ್ಷಣವೇ ಅವರ ಮುಂದಿನ ಪರದೆಯ ಮೇಲೆ ಸಾಲುಸಾಲಾಗಿ ಮೂಡುತ್ತೆ. ಫೋನಿನಲ್ಲಿ ಹೆಬ್ಬೆರಳು ಆಡಿಸಿಕೊಂಡು ಮಾಡೋ ಕೆಲಸ ಅಲ್ಲ ಇದು. ಅದರ ಸಾಫ್ಟ್‌ವೇರೇ ಬೇರೆ, ಕೀಲಿಮಣೆಯೇ ಬೇರೆ, ಎರಡೂ ಇರೋದು ಈ ಕಂಪ್ಯೂಟರಿನಲ್ಲೇ.

ಅವತ್ತು ಹನ್ನೊಂದು ಗಂಟೆಗೆ ಬೇಕರಿ ಅಕ್ಕನ ಸಭೆ ಇತ್ತು. ಬೇಕರಿ ಅಕ್ಕ ಅಂದರೆ ಬೇಕರಿ ಇಟ್ಟುಕೊಂಡಿರೋ ಒಬ್ಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಮದುವೆಯಾದ ಮೇಲೆ ಒಂದು ಜ್ವರ ಬಂದು ಎರಡೂ ಕಿವಿ ಹೋಯ್ತು. ಬಾಯಿಗೇನೂ ಆಗಿಲ್ಲ, ಮಾತಿಗೆ ನಿಂತರೆ ನನ್ನನ್ನೂ ಮೀರಿಸ್ತಾಳೆ. ನನಗೆ ‘ಬೆರಳಮ್ಮ’ ಅಂತ ಹೆಸರಿಟ್ಟವಳೂ ಅವಳೇ. ಅವಳು ಮತ್ತು ಅವಳ ಗಂಡ ಒಂದು ಮಗುವನ್ನು ದತ್ತು ತಗೊಳ್ಳೋಕೆ ವರ್ಷಗಟ್ಟಲೆ ಅಲೆದಿದ್ದರು. ಎರಡೂವರೆ ವರ್ಷದ ಹುಡುಗ. ಅವರ ಕೈ ಹಿಡಿದು ಆಡಿಯೂ ಆಗಿತ್ತು.

ಹೋದ ಸಲ ದತ್ತು ಸಮಿತಿಯವರು ಕರೆದಾಗ ಟೈಪ್ ಮಾಡೋಕೆ ಯಾರೂ ಸಿಕ್ಕಿರಲಿಲ್ಲ. ಇವಳು ಅವರ ತುಟಿ ನೋಡಿ ನೋಡಿ ಸುಸ್ತಾಗಿ ಎಲ್ಲದಕ್ಕೂ ತಲೆ ಆಡಿಸಿಬಿಟ್ಟಿದ್ದಳು. ಗಂಡನೇ ಎಲ್ಲಕ್ಕೂ ಉತ್ತರ ಹೇಳಿದ. ಕೊನೆಗೆ ಸಮಿತಿ, ‘ತಾಯಿಯಾಗುವವರು ತಾವಾಗಿ ಏನೂ ಹೇಳಲಿಲ್ಲ’ ಅಂತ ಮುಂದೂಡಿತು. ಇವತ್ತಿನದು ಕೊನೆಯ ಸಭೆ. ಇಲ್ಲಿ ಆಗದಿದ್ದರೆ ಹುಡುಗ ಸಾಲಿನಲ್ಲಿ ಇವರ ಹಿಂದಿರೋ ಬೇರೆ ದಂಪತಿಗೆ.

ನನ್ನ ಬದಲಿಗೆ ಇನ್ನೊಬ್ಬರನ್ನು ಕೂರಿಸೋಣ ಅಂದರೆ, ನನಗೆ ಈ ಕೆಲಸ ಕೊಡೋ ಕೇಂದ್ರದಲ್ಲಿ ಇದನ್ನು ಮಾಡೋ ಇನ್ನೊಬ್ಬಳು ಹೆರಿಗೆಗೆ ಹೋಗಿದ್ದಾಳೆ. ಸರಿ, ಒಂದು ಕೈ ನೋಡೇಬಿಡೋಣ ಅಂತ ಸೆರಗು ಸಿಕ್ಕಿಸಿಕೊಂಡು ಮೇಜಿನ ಕೆಳಗೆ ತೂರಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ವೈರು ಕಿತ್ತು ಮತ್ತೆ ಚುಚ್ಚಿದೆ. ಫೋನಿಗೆ ಅದೇ ವೈಫೈ ಕೊಟ್ಟು ನೋಡಿದೆ, ಫೋನಿನಲ್ಲಿ ಎಲ್ಲ ಸರಾಗ. ಫೋನಿನ ಇಂಟರ್ನೆಟ್ಟನ್ನೇ ಕಂಪ್ಯೂಟರಿಗೆ ಕೊಟ್ಟು ನೋಡಿದೆ, ಕಂಪ್ಯೂಟರಿನಲ್ಲಿ ಏನೂ ಇಲ್ಲ. ಅಂದರೆ ರೋಗ ಇರೋದು ಈ ಪೆಟ್ಟಿಗೆಯೊಳಗೇ. ಅಷ್ಟು ಗೊತ್ತಾಗಿದ್ದೇ ಅರ್ಧ ಸಮಾಧಾನ, ಶತ್ರು ಎಲ್ಲಿದ್ದಾನೆ ಅಂತಾದರೂ ತಿಳೀತಲ್ಲ.

ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಆ ಕಡೆ ಇದ್ದ ಹುಡುಗಿ ನನ್ನ ಪುರಾಣ ಅರ್ಧ ಕೇಳಿ, “ಮೇಡಂ, ರಾತ್ರಿ ಅಪ್‌ಡೇಟ್ ಆಯ್ತಾ? ಹೊರಗಿಂದ ಹಾಕಿಸಿರೋ ಸೆಕ್ಯೂರಿಟಿ ಸಾಫ್ಟ್‌ವೇರ್ ಏನಾದ್ರೂ ಇದೆಯಾ?” ಅಂದಳು.

ಇದೆ. ಗಡಿಯಾರದ ಪಕ್ಕದಲ್ಲಿ ಹಸಿರು ಗುರಾಣಿಯ ಚಿತ್ರ, ನೋಡಿ ನೋಡಿ ಕಣ್ಣಿಗೆ ಕಾಣದ ಹಾಗೇ ಆಗಿತ್ತು.

“ಅದೇ ಮೇಡಂ. ಬೆಳಗ್ಗೆಯಿಂದ ಇದೇ ಕರೆಗಳು. ಅಪ್‌ಡೇಟ್ ಆದ ಕಂಪ್ಯೂಟರಿಗೂ ಅದಕ್ಕೂ ಹೊಂದಾಣಿಕೆ ಆಗ್ತಿಲ್ಲ, ಒಳಗೆ ಬರೋದನ್ನೂ ಹೊರಗೆ ಹೋಗೋದನ್ನೂ ಎಲ್ಲಾ ತಡೀತಾ ಇದೆ.”

“ಆಫ್ ಮಾಡ್ಲಾ?”

“ಆಫ್ ಮಾಡಿದ್ರೆ ಸಾಲದು, ಪೂರ್ತಿ ತೆಗೆದುಹಾಕಿ ರೀಸ್ಟಾರ್ಟ್ ಮಾಡಿ. ಕಂಪ್ಯೂಟರ್ ಜೊತೆಗೇ ಬಂದಿರೋ ಕಾವಲು ಒಂದಿರುತ್ತೆ, ಅದು ತಾನಾಗೇ ಕೆಲಸ ಶುರು ಮಾಡುತ್ತೆ. ಭಯ ಇಲ್ಲ.”

ಅವಳಿಗೆ ಪುಣ್ಯ ಬರಲಿ ಅಂದುಕೊಂಡು ‘ತೆಗೆದುಹಾಕಿ’ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಆ ಪಾಸ್‌ವರ್ಡ್ ಇಟ್ಟವರು ನಮ್ಮ ಮಾವ.

ಇದರ ಹಿಂದೆ ಒಂದು ಕಥೆ ಇದೆ. ನಮ್ಮ ಅತ್ತೆ ತೀರಿಕೊಂಡ ವರ್ಷ ಯಾವನೋ ಒಬ್ಬ ಮಾವನಿಗೆ ಫೋನ್ ಮಾಡಿ, ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ನಾನು ಹೇಳಿದ ಹಾಗೆ ಒತ್ತುತ್ತಾ ಹೋಗಿ ಅಂದ. ಇವರು ಒತ್ತುತ್ತಾ ಹೋದರು. ಸಂಜೆಗೆ ಕಂಪ್ಯೂಟರಿನಲ್ಲಿ ಅತ್ತೆಯ ಒಂದು ಫೋಟೋ ಕೂಡ ಉಳಿದಿರಲಿಲ್ಲ. ಮೂವತ್ತು ವರ್ಷ ಗೋದಾಮಿನ ಗೇಟು ಕಾದ ಮನುಷ್ಯ, ಚೀಟಿ ಇಲ್ಲದೆ ಒಂದು ಸೈಕಲ್ ಒಳಗೆ ಬಿಟ್ಟವರಲ್ಲ. ಅವತ್ತಿನಿಂದ ಕುಗ್ಗಿಹೋದರು. ನನ್ನ ಗಂಡನೂ ಅಷ್ಟೇ, ಅಪ್ಪನ ಕೈಯಲ್ಲಿ ಫೋನ್ ರಿಂಗಾದರೆ ಸಾಕು, “ನಿಮಗೆ ಗೊತ್ತಾಗಲ್ಲ, ಇಲ್ಲಿ ಕೊಡಿ” ಅಂತ ಕಿತ್ತುಕೊಳ್ತಾನೆ. ಡಾಕ್ಟರು ಇವರನ್ನು ‘ಹೇಗಿದ್ದೀರಿ’ ಅಂತ ಕೇಳಿದರೂ ಉತ್ತರ ಮಗನ ಬಾಯಿಂದಲೇ ಬರುತ್ತೆ. ಮಾವ ತುಟಿ ಪಿಟಕ್ ಅನ್ನೋದಿಲ್ಲ. ಅವರು ತಾವಾಗಿ ಮಾಡಿದ ಒಂದೇ ಕೆಲಸ ಅಂದರೆ ಅಂಗಡಿಗೆ ಹೋಗಿ ಈ ಗುರಾಣಿ ತಂದು ಹಾಕಿಸಿದ್ದು.

ವರಾಂಡದಲ್ಲಿ ಬಟ್ಟೆ ಮಡಚುತ್ತಾ ಕೂತಿದ್ದರು. ಹೋಗಿ ನಿಂತೆ.

“ಮಾವ, ಸೆಕ್ಯೂರಿಟಿ ಪಾಸ್‌ವರ್ಡ್ ಹೇಳಿ. ಅದನ್ನ ತೆಗೀಬೇಕು.”

“ಯಾಕೆ?”

“ಅದೇ ಇಂಟರ್ನೆಟ್ ತಡೀತಿದೆ. ಬೇಗ ಹೇಳಿ, ಹನ್ನೊಂದಕ್ಕೆ ನನಗೆ ಕೆಲಸ ಇದೆ.”

“ಹೇಳೋದಿಲ್ಲ.”

ಮಡಚಿದ ಟವೆಲ್ಲನ್ನು ಇನ್ನೊಂದರ ಮೇಲೆ ಅಂಚಿಗೆ ಅಂಚು ಕೂರಿಸಿ ಇಟ್ಟರು. ನನಗೆ ಮೈ ಉರಿದುಹೋಯ್ತು. “ಮಾವ, ಇದು ಆಟ ಅಲ್ಲ! ಕೂತು ಮೀನಮೇಷ ಎಣಿಸೋಕೆ ಟೈಮಿಲ್ಲ! ನಾನು ಹೇಳ್ತಿದ್ದೀನಲ್ಲ, ಏನೂ ಆಗಲ್ಲ, ನನ್ನ ಮಾತು ನಂಬಿ, ಸುಮ್ಮನೆ ಹೇಳಿಬಿಡಿ!”

ಅವರು ತಲೆ ಎತ್ತಿ ನೋಡಿದರು. “ಅವನೂ ಹೀಗೇ ಅವಸರ ಮಾಡಿದ್ದನಮ್ಮ. ಏನೂ ಆಗಲ್ಲ, ನನ್ನ ಮಾತು ನಂಬಿ ಅಂತಲೇ ಅಂದಿದ್ದ.”

ನಾನು ಒದರಿದ್ದರಲ್ಲಿ ಆ ಕಳ್ಳ ಹೇಳದೇ ಇದ್ದ ಮಾತು ಒಂದಾದರೂ ಇತ್ತಾ? ಇರಲಿಲ್ಲ. ಗದರಿಸಿದರೆ ಈ ಬೀಗ ಬಿಚ್ಚೋದಿಲ್ಲ ಅಂತ ಗೊತ್ತಾಯ್ತು. ಹಾಗಂತ ಕೈಕಟ್ಟಿ ಕೂರೋಳೂ ನಾನಲ್ಲ. ಅವರ ಎದುರಿಗೆ ನೆಲದ ಮೇಲೇ ಕೂತೆ.

“ಸರಿ. ನನ್ನನ್ನ ನಂಬಬೇಡಿ. ರೂಟರ್ ಡಬ್ಬಿ ಮೇಲೆ ಕಂಪನಿ ನಂಬರ್ ಅಚ್ಚು ಹಾಕಿದ್ದಾರೆ. ನೀವೇ ಫೋನ್ ಮಾಡಿ, ನೀವೇ ಕೇಳಿ.”

ಕನ್ನಡಕ ಹುಡುಕಿದರು. ಒಂದೊಂದೇ ಅಂಕೆ ಓದಿ ಒತ್ತಿ, ಸ್ಪೀಕರಿಗೆ ಹಾಕಿದರು. ಕಾಯಿಸುವ ಸಂಗೀತ ಮುಗಿಯೋ ಹೊತ್ತಿಗೆ ನಾನು ಎರಡು ಉಗುರು ಕಚ್ಚಿ ಮುಗಿಸಿದ್ದೆ. ಈ ಸಲ ಸಿಕ್ಕಿದ್ದು ಒಬ್ಬ ಗಂಡಸು. ಮಾವ ಮೊದಲು ಕೇಳಿದ್ದೇ, “ನೋಡಪ್ಪ, ನಾನು ನಿನಗೆ ಫೋನ್ ಮಾಡಿದ್ದೋ, ನೀನು ನನಗೆ ಮಾಡಿದ್ದೋ?” ಅಂತ. ಅವನು, “ನೀವೇ ಮಾಡಿದ್ದು ಸರ್” ಅಂದ. ಆಮೇಲೆ ಒಂದೊಂದೇ ಪ್ರಶ್ನೆ. ತೆಗೆದರೆ ಕಾವಲಿಗೆ ಯಾರಿರ್ತಾರೆ? ಮತ್ತೆ ಹಾಕಬಹುದಾ? ಯಾವಾಗ? ಅವನು ಆ ಹುಡುಗಿ ಹೇಳಿದ್ದನ್ನೇ ಹೇಳಿದ, ಆ ಸಾಫ್ಟ್‌ವೇರಿನ ಕಂಪನಿಯವರು ಸರಿಪಡಿಸಿದ ಮೇಲೆ ಹಾಕಿಕೊಳ್ಳಿ ಅಂತ ಸೇರಿಸಿದ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದಿದ್ದು ಅದೇ ಮೊದಲು.

ಫೋನ್ ಇಟ್ಟು, “ಇವತ್ತು ಯಾರ ಕೆಲಸ?” ಅಂದರು.

ಹೇಳಿದೆ. ಬೇಕರಿ, ಜ್ವರ, ಹುಡುಗ, ಹೋದ ಸಲ ತಲೆ ಆಡಿಸಿದ್ದು, ಎಲ್ಲ.

“ಗಂಡ ಹೇಳಿದ್ರೆ ಆಗಲ್ವಾ?”

“ಹೋದ ಸಲ ಅವನೇ ಹೇಳಿದ್ದು. ಇವಳು ಪಕ್ಕದಲ್ಲಿ ಗೊಂಬೆ ಥರ ಕೂತಿದ್ದಳು. ಅದಕ್ಕೇ ಮಗು ಕೈತಪ್ಪೋ ಹಾಗಾಗಿದೆ.” ಅವಳು ಬೆಳಗ್ಗೆ ಕಳಿಸಿದ್ದ ಮೆಸೇಜನ್ನೂ ತೋರಿಸಿದೆ. ‘ಬೆರಳಮ್ಮ, ಇವತ್ತು ನನ್ನ ಬದಲು ಯಾರೂ ಮಾತಾಡಬಾರದು. ನೀನು ಬರೋ ತನಕ ನಾನು ಬಾಯಿ ಬಿಡಲ್ಲ, ಗಂಡನಿಗೂ ಬಾಯಿ ಬಿಡೋಕೆ ಬಿಡಲ್ಲ.’

ಮಾವ ಅದನ್ನು ಎರಡು ಸಲ ಓದಿದರು. ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತು. “ಪಕ್ಕದಲ್ಲಿ ಕೂತಿರ್ತೀವಿ, ನಮ್ಮ ವಿಷಯವನ್ನೇ ಇನ್ನೊಬ್ಬರು ಹೇಳ್ತಾ ಇರ್ತಾರೆ. ನನಗೆ ಗೊತ್ತಮ್ಮ ಅದು” ಅಂದರು. ಎದ್ದರು. “ಆದ್ರೆ ಪಾಸ್‌ವರ್ಡ್ ನಾನು ಹೇಳೋದಿಲ್ಲ. ನಾನೇ ಒತ್ತುತ್ತೀನಿ.”

ಒತ್ತಿದರು. ಒಂದೇ ಬೆರಳು. ತೋರುಬೆರಳು ಗಾಳಿಯಲ್ಲಿ ನಿಂತು, ಅಕ್ಷರ ಎಲ್ಲಿದೆ ಅಂತ ಕೀಲಿಮಣೆಯ ಈ ತುದಿಯಿಂದ ಆ ತುದಿಗೆ ಹುಡುಕಿ, ಸಿಕ್ಕ ಮೇಲೆ ಗಟ್ಟಿಯಾಗಿ ಅದುಮೋದು. ಹೊಟ್ಟೆಪಾಡಿಗೇ ಬೆರಳು ಓಡಿಸೋ ನಾನು ಪಕ್ಕದ ಕುರ್ಚಿಯಲ್ಲಿ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಇಲ್ಲದಿದ್ದರೆ ಅವು ತಾವಾಗೇ ಹಾರಿ ಹೋಗ್ತಿದ್ದವು.

ತಪ್ಪು ಅಂತ ಬಂತು. ಮತ್ತೆ ಮೊದಲಿಂದ. ಮತ್ತೆ ತಪ್ಪು. ‘ಇನ್ನೊಂದು ಅವಕಾಶ ಮಾತ್ರ ಉಳಿದಿದೆ’ ಅಂತ ಕೆಂಪಕ್ಷರದಲ್ಲಿ ಬರೆದು ತೋರಿಸಿತು. ಗೋಡೆ ಗಡಿಯಾರದಲ್ಲಿ ಹನ್ನೊಂದಾಗೇ ಹೋಗಿತ್ತು.

“ಮರೆತುಹೋಗಿದೆಯಾ ಮಾವ?”

“ಅದನ್ನ ಮರೀತೀನಾ? ಸತ್ತರೂ ಮರೆಯಲ್ಲ.”

ದೇವರೇ, ನನಗೆ ತಾಳ್ಮೆ ಕೊಡು. ನಾನು ಅವರ ಬೆರಳು ನೋಡಲಿಲ್ಲ, ಪರದೆಯಲ್ಲಿ ಬೀಳೋ ಚುಕ್ಕಿಗಳನ್ನಷ್ಟೇ ನೋಡಿದೆ. ಮೂರನೇ ಅಕ್ಷರ ಅದುಮಿದರು, ಚುಕ್ಕಿ ಎರಡು ಬಿತ್ತು. ಒತ್ತಿದ ಬೆರಳನ್ನು ಅವರು ಬೇಗ ಎತ್ತುತ್ತಾ ಇಲ್ಲ ಅಂತ ಆಗ ಹೊಳೀತು.

“ಮಾವ, ನಿಲ್ಲಿ. ಎರಡು ಬಿತ್ತು. ಒಂದು ಅಳಿಸಿ. ಒತ್ತಿದ ತಕ್ಷಣ ಬೆರಳು ಎತ್ತಿ, ಕಾದ ಪಾತ್ರೆ ಮುಟ್ಟಿದ ಹಾಗೆ.”

ಅಳಿಸಿದರು. ಮುಟ್ಟಿ, ಎತ್ತಿ, ಮುಟ್ಟಿ, ಎತ್ತಿ. ಕೊನೆಗೆ ನನ್ನ ಕಡೆ ಒಮ್ಮೆ ನೋಡಿ ಎಂಟರ್ ಒತ್ತಿದರು. ಒಳಗೆ ಬಿಟ್ಟಿತು! ಆದರೆ ಹಾಳು ಗುರಾಣಿ ಅಷ್ಟಕ್ಕೇ ಬಿಡುತ್ತಾ? ‘ಇದನ್ನು ತೆಗೆದರೆ ನಿಮ್ಮ ಕಂಪ್ಯೂಟರ್ ಅಪಾಯಕ್ಕೆ ಸಿಲುಕಬಹುದು. ಖಂಡಿತ ತೆಗೆಯಬೇಕೇ?’ ಅಂತ ಕೇಳಿತು. ಮಾವ ಅದನ್ನು ಗಟ್ಟಿಯಾಗಿ ಓದಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರೇ ‘ಹೌದು’ ಒತ್ತಿದರು.

ಕಂಪ್ಯೂಟರ್ ಆರಿ ಹತ್ತಿತು. ಪುಟ ತೆರೆಯಿತು. ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುವಾಗ ಮಾವ ತಾವೇ ಬಾಗಿಲು ಎಳೆದುಕೊಂಡು ಹೊರಗೆ ಹೋದರು, ನನ್ನ ಕೆಲಸದ ಹೊತ್ತಿನಲ್ಲಿ ಕೋಣೆಯಲ್ಲಿ ಬೇರೆಯವರು ಇರಬಾರದು.

ಸಭೆ ಆಗಲೇ ಶುರುವಾಗಿತ್ತು. ಅಧ್ಯಕ್ಷೆಯ ದನಿ ಕೇಳಿಸ್ತು, “ನೋಡಿ, ತುಂಬಾ ಹೊತ್ತಾಯ್ತು. ಯಜಮಾನರೇ, ನೀವೇ ಹೇಳಿಬಿಡಿ, ರಾತ್ರಿ ಮಗು ಅತ್ತರೆ ಇವರಿಗೆ ಹೇಗೆ ಗೊತ್ತಾಗುತ್ತೆ?”

ಗಂಡ ಹೇಳಿದ, “ನಾನು ಹೇಳೋದಿಲ್ಲ ಮೇಡಂ. ಅದು ಅವಳು ಹೇಳಬೇಕಾದ್ದು.”

ನನ್ನ ಬೆರಳು ಎರಡೂ ಮಾತನ್ನು ಎತ್ತಿಕೊಂಡು ಓಡಿತು. ಚಿಕ್ಕ ಚೌಕದಲ್ಲಿ ಬೇಕರಿ ಅಕ್ಕನ ಮುಖ ಕಾಣ್ತಿತ್ತು. ಪರದೆ ನೋಡಿದಳು. ಬೆನ್ನು ನೆಟ್ಟಗೆ ಮಾಡಿದಳು.

“ಪಕ್ಕದಲ್ಲೇ ಮಲಗಿಸಿಕೊಳ್ತೀನಿ. ಅತ್ತರೆ ಅವನ ಮೈಯೆಲ್ಲ ಅಲುಗುತ್ತೆ, ನನಗೆ ಎಚ್ಚರ ಆಗುತ್ತೆ. ಕಿವಿ ಇರೋ ನನ್ನ ಗಂಡನನ್ನ ದಿನಾ ಅಲುಗಿಸಿ ಎಬ್ಬಿಸೋಳು ನಾನೇ.”

ಯಾರೋ ನಕ್ಕರು. ‘ನಗು’ ಅಂತ ಟೈಪ್ ಮಾಡಿದೆ, ಅದೂ ಅವಳಿಗೆ ಸೇರಬೇಕಾದ್ದೇ.

“ಹೋದ ಸಲ ನೀವು ಕೇಳಿದ್ದಕ್ಕೆಲ್ಲ ತಲೆ ಆಡಿಸಿದಿರಿ” ಅಂದರು ಅಧ್ಯಕ್ಷೆ.

“ಹೋದ ಸಲ ನಿಮ್ಮ ಒಂದು ಮಾತೂ ನನಗೆ ಸಿಕ್ಕಿರಲಿಲ್ಲ. ಸುಮ್ಮನೆ ಕೂತರೆ ಸೊಕ್ಕು ಅಂದುಕೊಳ್ತೀರೇನೋ ಅಂತ ಹೆದರಿಕೆ ಆಯ್ತು. ಇವತ್ತು ಎಲ್ಲಾ ಸಿಗ್ತಾ ಇದೆ. ಎಷ್ಟು ಬೇಕಾದ್ರೂ ಕೇಳಿ.”

ಕೇಳಿದರು. ಮಾತು ಹೇಗೆ ಕಲಿಸ್ತೀರಿ, ಶಾಲೆಯಿಂದ ಕರೆ ಬಂದರೆ, ರಸ್ತೆ ದಾಟುವಾಗ. ಒಂದಕ್ಕೂ ಅವಳು ತಡವರಿಸಲಿಲ್ಲ. ಆಮೇಲೆ ಅವರು ಮೈಕ್ ಮುಚ್ಚಿ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಅದು ನನಗೂ ಕೇಳಿಸಲಿಲ್ಲ. ಅಷ್ಟು ಹೊತ್ತು ನನ್ನ ಪರದೆಯೂ ಖಾಲಿ, ಅವಳದ್ದೂ ಖಾಲಿ.

ಮೈಕ್ ಮೇಲಿನ ಕೈ ತೆಗೆದರು. ಅಧ್ಯಕ್ಷೆ ಹೇಳಿದರು, “ಮಗು ನಿಮ್ಮದು. ಸೋಮವಾರ ಬಂದು ಕರೆದುಕೊಂಡು ಹೋಗಿ.”

ಗಂಡನಿಗೆ ಕೇಳಿಸಿತು. ಅವನು ಹೆಂಡತಿ ಕಡೆ ತಿರುಗಲಿಲ್ಲ. ಹಲ್ಲು ಕಚ್ಚಿ, ಮೇಜು ನೋಡುತ್ತಾ, ಮುಖದಲ್ಲಿ ಏನೂ ತೋರದ ಹಾಗೆ ಕಲ್ಲಾಗಿ ಕೂತ, ನನ್ನ ಅಕ್ಷರ ಅವಳಿಗೆ ಮುಟ್ಟೋ ತನಕ. ಆ ಒಂದು ಸಾಲನ್ನು ಟೈಪ್ ಮಾಡೋಕೆ ನನಗೆ ಕೈ ಓಡಲಿಲ್ಲ, ಎರಡು ಕಡೆ ತಪ್ಪಿ ತಿದ್ದಿದೆ. ಕಣ್ಣು ಮಂಜಾಗಿತ್ತು.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಅಳಲಿಲ್ಲ, ಕೈ ಮುಗಿಯಲಿಲ್ಲ. ಎದ್ದು ನಿಂತೇಬಿಟ್ಟಳು.

“ಸೋಮವಾರ ಯಾಕೆ?” ಅಂದಳು. “ಬೇಕರಿ ವ್ಯಾನು ಕೆಳಗೇ ನಿಂತಿದೆ.”