ಮೇಷ್ಟ್ರು ಹೊಸಬರಾದದ್ದು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಇಪ್ಪತ್ತೆರಡು ವರ್ಷದ ಅನುಭವ. ಕ್ಲಚ್ಚನ್ನು ಯಾವ ಕಾಲಲ್ಲಿ ಒತ್ತಬೇಕು ಎಂದು ಕೇಳಿಕೊಂಡು ಬಂದವರನ್ನೂ ಎರಡು ತಿಂಗಳಲ್ಲಿ ಏರುರಸ್ತೆಯಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹೊರಡಿಸುವಷ್ಟು ತಯಾರು ಮಾಡಿ ಕಳಿಸುತ್ತಿದ್ದರು. ಅವರ ತಾಳ್ಮೆಗೆ ಊರಲ್ಲೆಲ್ಲ ಹೆಸರಿತ್ತು. ನಿವೃತ್ತ ನರ್ಸೊಬ್ಬರು ಒಂದೇ ಕಂಬಕ್ಕೆ ಮೂರು ಸಲ ಗುದ್ದಿದಾಗಲೂ, "ಪರವಾಗಿಲ್ಲ ಅಮ್ಮ, ಕಂಬಕ್ಕೂ ನಿಮ್ಮ ಪರಿಚಯ ಆಯ್ತು" ಎಂದು ನಗಿಸಿದ್ದರು.

ಆದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹೆಂಡತಿಗೆ ಅವರು ಕಲಿಸಿದ್ದು ಮೂರೇ ದಿನ. ಮೂರನೆಯ ದಿನ, ಹಿಂದಿನ ಸೀಟಿನಲ್ಲಿ ಕಲಿಯಲು ಬಂದವರಿಬ್ಬರು ಕೂತಿರುವಾಗಲೇ, ಸ್ಟೀರಿಂಗಿಗೆ ಕೈ ಹಾಕಿ, "ನಿನ್ನ ಕೈಲಿ ಆಗಲ್ಲ ಬಿಡೇ" ಅಂದುಬಿಟ್ಟರು. ಅವಳು ಒಂದು ಮಾತೂ ಆಡದೆ ಇಳಿದು, ಕಾರಿನ ಹಿಂದಿನಿಂದ ಸುತ್ತಿಕೊಂಡು ಬಂದು ಈ ಕಡೆಯ ಬಾಗಿಲ ಬಳಿ ನಿಂತಳು. ಅದಾಗಿ ಹದಿನಾರು ವರ್ಷ. ಡ್ರೈವರ್ ಸೀಟಿನಲ್ಲಿ ಅವಳು ಮತ್ತೆ ಕೂತಿರಲಿಲ್ಲ. ಮೇಷ್ಟ್ರಿಗೆ ಅದು ಮರೆತೂ ಹೋಗಿತ್ತು.

ಹೀಗಿರುವಾಗ ಹೆಂಡತಿಯ ತಮ್ಮ ಇದ್ದ ಮನೆ ಬಿಟ್ಟು ಚಿಕ್ಕ ಮನೆಯೊಂದಕ್ಕೆ ಹೋಗಬೇಕಾಯಿತು. "ಭಾವ, ಹೊಸ ಮನೇಲಿ ಮಂಚ ಹಾಕಿದ್ರೆ ಚಪ್ಪಲಿ ಬಿಡೋಕೂ ಜಾಗ ಇಲ್ಲ. ಇದೆಲ್ಲ ಒಂದೆರಡು ತಿಂಗಳು ಇಲ್ಲೇ ಇರಲಿ" ಎಂದು ತನ್ನ ಕಂಪ್ಯೂಟರನ್ನೂ, ಮೇಜಿಗೆ ಬಿಗಿಯುವ ಆಟದ ಸ್ಟೀರಿಂಗನ್ನೂ, ಗೇರು ಮತ್ತು ಮೂರು ಪೆಡಲ್ಲುಗಳನ್ನೂ ತಂದು ಹಿಂದಿನ ಕೋಣೆಯಲ್ಲಿ ಜೋಡಿಸಿದ. ಹೋಗುವ ಮುಂಚೆ ಅಕ್ಕನಿಗೆ ಒಂದು ಆಟ ತೋರಿಸಿಕೊಟ್ಟ. ಹಿಮದಲ್ಲಿ ಹೂತುಹೋದ ಒಂದು ಬೆಟ್ಟದ ಸೀಮೆ. ಅಲ್ಲೊಂದು ಇಲ್ಲೊಂದು ಖಾಲಿ ಮನೆ. ಸೌದೆ, ಡಬ್ಬಿಯ ಊಟ, ಔಷಧಿ ಹುಡುಕಿಕೊಂಡು ಬದುಕಿ ಉಳಿಯಬೇಕು. ಒಂದೇ ಅಂಕಿ ಒತ್ತಿದವರು ಬೇರೆ ಬೇರೆ ಊರಿಂದಲೂ ಆಟದ ಒಂದೇ ಕೋಣೆ ಸೇರಿ, ಮಾತಾಡುತ್ತ ಜೊತೆಗೆ ಆಡಬಹುದು. ಓಡಾಡಲು ಒಂದು ಹಳೇ ಕಾರು, ಅದೂ ಕೈಯಿಂದ ಗೇರ್ ಹಾಕುವಂಥದ್ದು. ಎಂಜಿನ್ ನಿಂತರೆ ಕಾರಿನೊಳಗಿನ ಬಿಸಿ ಆರುತ್ತದೆ, ಪರದೆಯ ಅಂಚಿನಿಂದ ಮಂಜು ಕಟ್ಟುತ್ತ ಬರುತ್ತದೆ. ಅದು ನಡುವಿಗೆ ಬಂದು ಮುಟ್ಟಿದರೆ ಕತೆ ಮುಗಿಯಿತು. ಕೂಡಿಟ್ಟದ್ದೆಲ್ಲ ಹೋಗಿ ಮೊದಲಿಂದ ಶುರು.

ಹೆಂಡತಿ ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಬಟ್ಟೆ ಸರಿಮಾಡುವ ಕೆಲಸದಲ್ಲಿದ್ದಳು. ಉದ್ದದ ಪ್ಯಾಂಟು ಮೋಟು ಮಾಡುವುದು, ಜಿಪ್ ಬದಲಿಸುವುದು, ಹರಿದ ಕೋಟಿನ ಒಳಪದರ ಹೊಲಿಯುವುದು. ಬುಧವಾರ, ಶನಿವಾರ ಮಧ್ಯಾಹ್ನದ ಮೇಲೆ ರಜೆ. ಆ ಎರಡು ಮಧ್ಯಾಹ್ನಗಳು ಆಟಕ್ಕೆ ಮೀಸಲಾದವು. ಮೇಷ್ಟ್ರು ಒಳಗೊಳಗೇ ನಕ್ಕರು. ವಾರದಲ್ಲಿ ಬೇಸರವಾಗಿ ಬಿಡುತ್ತಾಳೆ ಅಂದುಕೊಂಡರು.

ಮೂರನೆಯ ಬುಧವಾರ ಊಟಕ್ಕೆ ಬಂದಾಗ ಹಿಂದಿನ ಕೋಣೆಯಿಂದ ನಗು ಕೇಳಿಸಿತು. ಹೆಂಡತಿಯದೇ ನಗು, ಆದರೆ ಹೊಟ್ಟೆ ಹಿಡಿದುಕೊಂಡು ನಗುವಂಥದ್ದು. ಅದರ ಬೆನ್ನಿಗೇ ಸ್ಪೀಕರಿನಿಂದ ಒಂದು ಗಂಡಸಿನ ದನಿ.

"ಪರವಾಗಿಲ್ಲ ಕಂಬಳಿಯವರೇ, ಒಂಬತ್ತನೇ ಸಲ ಆಫ್ ಆಯ್ತು, ಅಷ್ಟೇ. ಒಂದು ವಿಷಯ ಹೇಳಿ. ನೀವು ಹೊಲಿಗೆ ಮಿಷನ್ ತುಳಿಯೋರಲ್ವಾ? ದಪ್ಪ ಮಡಿಕೆ ಸೂಜಿ ಕೆಳಗೆ ಬಂದಾಗ ಕಾಲು ಹೇಗೆ ಇಡ್ತೀರಿ?"

"ಹಗೂರಕ್ಕೆ. ಸೂಜಿ ಬಟ್ಟೆ ಕಚ್ಚೋವರೆಗೂ ಪೂರ್ತಿ ತುಳಿಯಲ್ಲ."

"ಹಾ! ಕ್ಲಚ್ಚೂ ಹಾಗೇ ಕಚ್ಚುತ್ತೆ. ಕಚ್ಚೋವರೆಗೂ ನಿಧಾನಕ್ಕೆ ಬಿಡಿ, ಕಚ್ಚಿದ ಮೇಲೆ ಕಾಲನ್ನ ಅಲ್ಲೇ ಒಂದು ಗಳಿಗೆ ನಿಲ್ಲಿಸಿ. ಹಿಮದ ಮೇಲೆ ಒಂದನೇ ಗೇರ್ ಬೇಡ, ಚಕ್ರ ಸುಮ್ನೆ ಸುತ್ತುತ್ತೆ. ಎರಡನೇದ್ರಲ್ಲೇ ಹೊರಡಿ."

ಬಾಗಿಲ ಸಂದಿಯಿಂದ ಮೇಷ್ಟ್ರು ನೋಡಿದರು. ಹೆಂಡತಿಯ ಎಡಗಾಲು ಪೆಡಲ್ಲಿನ ಮೇಲೆ ಮೆಲ್ಲಗೆ ಎದ್ದಿತು. ಪರದೆಯ ಮೇಲಿನ ಕಾರು ಒಂದಿಷ್ಟು ನಡುಗಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು. ಅವಳು ಚಪ್ಪಾಳೆ ತಟ್ಟಿ, ತಕ್ಷಣ ಗಾಬರಿಯಾಗಿ ಸ್ಟೀರಿಂಗ್ ಹಿಡಿದುಕೊಂಡಳು.

ಮೇಷ್ಟ್ರು ಬಂದು ತಟ್ಟೆಯ ಮುಂದೆ ಕೂತರು. ಹತ್ತೊಂಬತ್ತು ವರ್ಷದಿಂದ ಆ ಕಾಲು ಹೊಲಿಗೆ ಮಿಷನ್ ತುಳಿಯುವುದನ್ನು ನೋಡಿದವರು ಅವರು. ಆ ಒಂದು ಮಾತು ಅವರಿಗೆ ಹೊಳೆದಿರಲಿಲ್ಲ. ಯಾವನೋ ಮುಖ ಕಾಣದವನಿಗೆ ಹೊಳೆದಿತ್ತು.

"ಯಾರದು ಮಾತಾಡ್ತಿದ್ದೋನು?" ಎಂದು ಆಮೇಲೆ ಕೇಳಿದರು, ಏನೂ ಅಲ್ಲದ ವಿಷಯದ ಹಾಗೆ.

"ಗೂಬೆ ಅಂತ. ಆಟದ ಹೆಸರು. ಬಂದರಲ್ಲಿ ಕ್ರೇನ್ ನಡೆಸ್ತಾರಂತೆ. ನನ್ನ ಹೆಸರು ಕಂಬಳಿ" ಎಂದು ನಾಚಿಕೊಂಡೇ ಹೇಳಿದಳು.

"ಅವನಿಗೆ ಸರಿಯಾದ ಹೆಸರೇ" ಅಂದರು ಮೇಷ್ಟ್ರು. ಅವಳು ನಗಲಿಲ್ಲ.

ಅಂದಿನಿಂದ ಅವರಿಗೆ ಕಾಮಾಲೆ ಕಣ್ಣು. ಹೆಂಡತಿ ಹೊಸ ಕಿವಿಯೋಲೆ ಹಾಕಿಕೊಂಡರೆ, ಗೂಬೆಗೆ ಕಾಣಿಸುವುದಿಲ್ಲ ಎಂದು ಗೊತ್ತಿದ್ದರೂ, ಅವನಿಗಾಗಿಯೇ ಇರಬೇಕು ಅನ್ನಿಸುತ್ತಿತ್ತು. ಪಾಠದ ಮಧ್ಯೆ ಕಲಿಯುವವರೊಬ್ಬರು ಕೆಂಪು ಸಿಗ್ನಲ್ ದಾಟಿ ಹೋದರೂ ಗಮನಿಸದೆ ಕೂತಿದ್ದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಹಾಗೆ, ಕಡೆಗೊಂದು ದಿನ ಸ್ಕೂಲಿನ ಕಂಪ್ಯೂಟರಿಗೆ ಆ ಆಟವನ್ನು ಹಾಕಿಕೊಂಡರು. ಹೆಂಡತಿ ಆಡುವ ಕೋಣೆಯ ಅಂಕಿಗಳು ಮನೆಯ ಪರದೆಯ ಕೆಳಗೆ ಅಂಟಿಸಿದ ಚೀಟಿಯಲ್ಲಿದ್ದವು. ಶನಿವಾರ ಎರಡರಿಂದ ನಾಲ್ಕು ಯಾರಿಗೂ ಪಾಠವಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, 'ಹೊಸಬ' ಎಂದು ಹೆಸರಿಟ್ಟುಕೊಂಡು ಒಳಗೆ ಹೋದರು. 'ನನ್ನ ಮೈಕ್ ಕೆಟ್ಟಿದೆ, ಬರೆದೇ ಮಾತಾಡುತ್ತೇನೆ' ಎಂದು ಟೈಪ್ ಮಾಡಿದರು.

"ಬನ್ನಿ ಬನ್ನಿ" ಅಂದ ಗೂಬೆ. "ಕಂಬಳಿಯವರೇ, ನೀವೀಗ ಪಳಗಿದ್ದೀರಿ. ಇವರಿಗೆ ಕಾರು ನೀವೇ ಕಲಿಸಿ."

ಮೇಷ್ಟ್ರು ಮೀಸೆಯಡಿಯಲ್ಲಿ ನಕ್ಕರು. ಒಂದು ನಿಮಿಷದಲ್ಲಿ ಇವರಿಬ್ಬರ ಬಾಯಿ ಮುಚ್ಚಿಸುತ್ತೇನೆ ಅಂದುಕೊಂಡು ಕೀ ತಿರುಗಿಸಿದರು, ಗೇರ್ ಹಾಕಿದರು, ಕ್ಲಚ್ ಬಿಟ್ಟರು. ಕಾರು ಕಪ್ಪೆಯಂತೆ ನೆಗೆದು ನಿಂತುಹೋಯಿತು. ಮತ್ತೆ ನೆಗೆಯಿತು, ಮತ್ತೆ ನಿಂತಿತು. ಇಲ್ಲಿ ಪೆಡಲ್ಲುಗಳಿರಲಿಲ್ಲ, ಬರೀ ಕೀಬೋರ್ಡಿನ ಗುಂಡಿಗಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಷ್ಟೋ ಜನರಿಗೆ ಹೇಳಿ ನಗಿಸಿದ್ದ ಮೇಷ್ಟ್ರು ಈಗ ಆ ಗುಂಡಿಗಳನ್ನು ಬಾಯಿಗೆ ಬಂದಂತೆ ಬೈದರು. ಏಳನೆಯ ಸಲಕ್ಕೆ ಪರದೆಯ ಅಂಚಿನಲ್ಲಿ ಮಂಜು ಕಟ್ಟತೊಡಗಿತು.

"ಗಾಬರಿ ಆಗ್ಬೇಡಿ" ಅಂದಿತು ಹೆಂಡತಿಯ ದನಿ, ಕಿವಿಯ ಪಕ್ಕದಲ್ಲೇ. "ಸಮಯ ಇದೆ. ಕೀಬೋರ್ಡಾ? ಹಾಗಾದ್ರೆ ಗುಂಡಿನ ಒಂದೇ ಸಲ ಬಿಡ್ಬೇಡಿ. ತಟ್ಟಿ ತಟ್ಟಿ ಬಿಡಿ, ಮಗು ಮಲಗಿಸೋ ಹಾಗೆ. ನಂಗೂ ಮೊದ್ಲು ಹೀಗೇ ಆಗ್ತಿತ್ತು. ಹಾ, ಈಗ ಕಚ್ತು, ನೋಡಿದ್ರಾ? ತುಂಬ ಚೆನ್ನಾಗಿ ಮಾಡಿದ್ರಿ!"

ಕಾರು ಹತ್ತು ಮಾರು ಹೋಗಿ ಮತ್ತೆ ನಿಂತಿತು. ಆದರೂ ಮೇಷ್ಟ್ರ ಕಿವಿ ಬೆಚ್ಚಗಾಗಿತ್ತು. ಯಾರಾದರೂ ತಮಗೆ 'ಚೆನ್ನಾಗಿ ಮಾಡಿದ್ರಿ' ಅಂದು ಎಷ್ಟು ಕಾಲವಾಗಿತ್ತೋ.

"ನೀವು ನಿಜವಾದ ಕಾರು ಓಡಿಸ್ತೀರಾ?" ಎಂದು ಅವರು ಟೈಪ್ ಮಾಡಿದರು.

"ಇಲ್ಲ. ಒಂದ್ಸಲ ಕಲಿಯೋಕೆ ಹೋಗಿದ್ದೆ. ನಮ್ಮೆಜಮಾನ್ರೇ ಡ್ರೈವಿಂಗ್ ಮೇಷ್ಟ್ರು."

"ಅರೆ, ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತಲ್ಲ!" ಅಂದ ಗೂಬೆ.

ಅವಳ ದನಿ ತಗ್ಗಿತು. "ಒಳ್ಳೇವ್ರು. ಊರಿಗೆಲ್ಲ ತಾಳ್ಮೆಯಿಂದ ಕಲಿಸ್ತಾರೆ. ಆದ್ರೆ ನಾನು ಸ್ಟೀರಿಂಗ್ ಹಿಡಿದ್ರೆ, ಇವಳು ಹೆಂಡ್ತಿ ಅನ್ನೋದಷ್ಟೇ ಅವ್ರಿಗೆ ನೆನಪಿರುತ್ತೆ. ಕಲಿಯೋಳು ಅನ್ನೋದು ಮರ್ತೋಗುತ್ತೆ."

ಮೇಷ್ಟ್ರ ಬೆರಳು ಗುಂಡಿಗಳ ಮೇಲೆ ಹಾಗೇ ನಿಂತವು. ಅಲ್ಲಿಗೇ ಕಂಪ್ಯೂಟರ್ ಆರಿಸಿ ಮನೆಗೆ ಹೋಗಿ ಎಲ್ಲ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮುಂದಿನ ಬುಧವಾರ ಮತ್ತೆ ಹೊಸಬರಾದರು. ಅದರ ಮುಂದಿನ ಶನಿವಾರವೂ.

ಈಗ ಹೊಟ್ಟೆಯುರಿ ಎರಡು ಕವಲಾಯಿತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ನಮ್ಮ ಆಟಕ್ಕೆ ಒಬ್ರು ಹೊಸಬರು ಬಂದಿದ್ದಾರೆ ಕಣ್ರೀ. ಪಾಪ, ಕಲಿಯೋದು ತುಂಬ ನಿಧಾನ. ಆದ್ರೆ ಮಾತು ಮಾತ್ರ ಎಷ್ಟು ಮರ್ಯಾದೆ ಅಂತೀರಾ!" ಅನ್ನುತ್ತಿದ್ದಳು. ತನ್ನನ್ನೇ ಹೊಗಳುತ್ತಿದ್ದಾಳೆಂದು ಗೊತ್ತಿದ್ದೂ ಮೇಷ್ಟ್ರಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಮುಖ ಮೂತಿ ಇಲ್ಲದ ಆ ಹೊಸಬನಿಗೆ ಸಿಗುವ ದನಿ ಅನ್ನ ಬಡಿಸುವಾಗ ತಮಗೇಕೆ ಸಿಗುವುದಿಲ್ಲ? "ನಿಧಾನ ಅಲ್ಲ, ದಡ್ಡ ಅನ್ನು" ಅಂದರು ಒಂದು ದಿನ. "ಹಾಗೆಲ್ಲ ಅನ್ಬೇಡಿ" ಎಂದು ಅವಳು ಹೊಸಬನ ಪರ ವಹಿಸಿದಳು.

ಹೊಸಬ ಬಂದ ಐದನೆಯ ವಾರ ಮೂವರೂ ಬೆಟ್ಟದ ಆಚೆಗಿನ ಆಸ್ಪತ್ರೆಯಿಂದ ಔಷಧಿ ತರಲು ಹೊರಟರು. ಕಾರು ನಡೆಸುವ ಸರದಿ ಹೊಸಬನದು. ಬಿರುಗಾಳಿ ಎದ್ದಿತ್ತು. ದಾರಿಗೆ ಅಡ್ಡ ಬಿದ್ದ ಮರ ಸರಿಸಲು ಗೂಬೆ ಕೆಳಗಿಳಿದ. ಹಿಂದಿನ ಸೀಟಿನಲ್ಲಿದ್ದ ಕಂಬಳಿ, "ಹುಷಾರು, ನಿಮ್ಮ ಕೋಟು ಹರಿದಿದೆ. ಬೇಗ ಬನ್ನಿ, ನೀವಿಲ್ದೆ ನಾವು ಎಲ್ಲಿಗೂ ಹೋಗಲ್ಲ" ಅಂದಳು.

ಅದೊಂದು ಮಾತು. ಮೇಷ್ಟ್ರಿಗೆ ಏನಾಯಿತೋ. ಗೂಬೆ ಮರ ಸರಿಸಿ ತಿರುಗುವಷ್ಟರಲ್ಲಿ ಕ್ಲಚ್ಚಿನ ಗುಂಡಿಯನ್ನು ತಟ್ಟಿ ತಟ್ಟಿ ಬಿಟ್ಟರು. ಕಾರು ಒಂದು ಚೂರೂ ನಡುಗದೆ, ಎರಡನೇ ಗೇರಿನಲ್ಲಿ, ನೂಲು ಹಿಡಿದಂತೆ ಹೊರಟಿತು. ಮೂರನೇ ಗೇರು ಬಿತ್ತು. ಕನ್ನಡಿಯಲ್ಲಿ ಕೈ ಬೀಸುತ್ತ ಓಡಿಬರುವ ಆಕೃತಿ ಚಿಕ್ಕದಾಗಿ, ಬಿಳಿಯಲ್ಲಿ ಕರಗಿಹೋಯಿತು.

"ನಿಲ್ಸಿ! ಅವ್ರು ಹಿಂದೆ ಉಳ್ಕೊಂಡ್ರು! ಹೊಸಬ್ರೇ, ನಿಲ್ಸಿ!"

ಮೇಷ್ಟ್ರು ನಿಲ್ಲಿಸಲಿಲ್ಲ. ಎರಡು ನಿಮಿಷದಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತು: ಗೂಬೆ ಚಳಿಗೆ ಸತ್ತ. ಆಟದ ನಲವತ್ತು ದಿನ ಕೂಡಿಟ್ಟದ್ದೆಲ್ಲ ಅವನೊಂದಿಗೇ ಹೋಯಿತು.

"ಹೋಗ್ಲಿ ಬಿಡಿ, ಆಟ ತಾನೆ" ಅಂದ ಗೂಬೆ, ಸ್ವಲ್ಪ ಸಪ್ಪಗೆ. "ನಾನು ಮೊದಲಿಂದ ಶುರು ಮಾಡ್ತೀನಿ."

ಹೆಂಡತಿ ಮಾತ್ರ ಬಿಡಲಿಲ್ಲ. "ಹಾಗೆ ಬಿಟ್ಬಿಡೋಕಾಗಲ್ಲ. ಹೊಸಬ್ರೇ, ಬೇಕಂತಲೇ ಮಾಡಿದ್ರಿ ನೀವು. ನಿಮ್ಮನ್ನ ಜೊತೆಗೆ ಸೇರಿಸ್ಕೊಂಡವರಿಗೆ ಹೀಗಾ ಮಾಡೋದು?"

ಸಿಟ್ಟಿನಲ್ಲಿ ಮೇಷ್ಟ್ರು ಟೈಪ್ ಮಾಡಿದರು: 'ಅವನ್ನ ಯಾಕೆ ಅಷ್ಟು ವಹಿಸ್ಕೊಂಡು ಮಾತಾಡ್ತೀಯ?'

ಕಳಿಸಿದ ಮೇಲೆ ತಾವೇ ಓದಿಕೊಂಡರು. ಮಾತಾಡ್ತೀಯ. ಇಷ್ಟು ವಾರ 'ನೀವು, ತಾವು' ಅಂದವರ ಬಾಯಲ್ಲಿ ಈ ಏಕವಚನ.

ಸ್ಪೀಕರಿನಲ್ಲಿ ಗಾಳಿ ಊಳಿಡುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಕೇಳಿತು.

"ರೀ...?"

ಕಂಬಳಿಯ ಹೆಸರಿನ ಮುಂದಿದ್ದ ಹಸಿರು ಚುಕ್ಕೆ ಆರಿಹೋಯಿತು.

ಇಂಗು ತಿಂದ ಮಂಗನ ಮುಖ ಹೊತ್ತು ಮನೆಗೆ ಹೋದಾಗ ಅವಳು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ನನ್ನ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ನಿಮಗೆ ಬೇರೆ ಹೆಸರು ಬೇಕಾಯ್ತಾ?"

"ಹೊಟ್ಟೆ ಉರೀತು ಕಣೇ" ಅಂದರು ಮೇಷ್ಟ್ರು, ಬಾಗಿಲಲ್ಲೇ ನಿಂತು. ಯಾವ ಸುಳ್ಳೂ ಹೊಳೆಯಲಿಲ್ಲ. "ಆವತ್ತು ನೀನು ನಗೋದು ಕೇಳಿಸ್ತು. ನನ್ನ ಹತ್ರ ಹಾಗೆ ನಕ್ಕಿದ್ದೇ ನೆನಪಿಲ್ಲ."

"ನಗೋಕೂ ನಿಮ್ಮ ಹತ್ರ ಲೈಸೆನ್ಸ್ ತಗೋಬೇಕಿತ್ತಾ?"

ಅವಳ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಎರಡು ಹೆಜ್ಜೆ ಒಳಗೆ ಬಂದರು. "ನಾಳೆಯಿಂದ ನಾನೇ ಕಲಿಸ್ತೀನಿ. ನಿಜವಾದ ಕಾರು. ಒಂದು ಮಾತೂ ಬಯ್ಯಲ್ಲ, ಆಣೆ" ಅಂದರು.

"ಬೇಡ" ಅಂದಳು. ಯೋಚಿಸಿಯೂ ಇರಲಿಲ್ಲ. "ಮೊದ್ಲು ಗೂಬೆಯವ್ರ ಹತ್ರ ತಪ್ಪಾಯ್ತು ಅನ್ನಿ. ನಿಮ್ಮ ಬಾಯಲ್ಲೇ."

ಬುಧವಾರ ಹಿಂದಿನ ಕೋಣೆಯಲ್ಲಿ, ಹೆಂಡತಿಯ ಪಕ್ಕದಲ್ಲಿ ಕೂತು, ಮೇಷ್ಟ್ರು ತಾವು ಯಾರೆಂದು ಹೇಳಿ, ತಪ್ಪಾಯಿತು ಅಂದರು. ಗೂಬೆ ಕ್ಷಮಿಸಿದೆ ಅನ್ನಲಿಲ್ಲ.

"ಒಂದು ಕೇಳ್ಲಾ ಮೇಷ್ಟ್ರೇ?" ಅಂದ. "ಕಾರು ಅಷ್ಟೊಂದು ಸಲ ಆಫ್ ಆಗ್ತಿತ್ತಲ್ಲ, ಅದು ನಾಟಕನಾ?"

"ಇಲ್ಲ" ಅಂದರು ಮೇಷ್ಟ್ರು. "ನಿಜವಾಗ್ಲೂ ಬರ್ತಿರ್ಲಿಲ್ಲ. ಇವಳೇ ಕಲಿಸಿದ್ದು."

ಹೆಂಡತಿ ಮುಖ ಆಚೆ ತಿರುಗಿಸಿದಳು. ನಕ್ಕಳೋ ಇಲ್ಲವೋ ಅವರಿಗೆ ಕಾಣಿಸಲಿಲ್ಲ.

ಮುಂದಿನ ತಿಂಗಳು ಅವಳು ಡ್ರೈವಿಂಗ್ ಕಲಿಯಲು ಸೇರಿದಳು. ಮೇಷ್ಟ್ರ ಹತ್ತಿರ ಅಲ್ಲ. ಮಾರುಕಟ್ಟೆಯ ಆಚೆ ಇನ್ನೊಂದು ಸ್ಕೂಲಿತ್ತು. ನಡೆಸುವವರು ಕನ್ನಡಕದ ಒಬ್ಬ ಹೆಂಗಸು. ಮೇಷ್ಟ್ರ ಹತ್ತಿರ ಕಲಿಯಲು ಆಗದ ಎಷ್ಟೋ ಜನ ಅಲ್ಲಿಗೆ ಹೋಗುತ್ತಾರೆಂಬುದು ಅವರಿಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಊರಲ್ಲಿ ಜನ ಮೂಗಿನ ಮೇಲೆ ಬೆರಳಿಟ್ಟರು. "ಏನ್ ಮೇಷ್ಟ್ರೇ, ಮನೆಯವರು..." ಎಂದು ರಾಗ ಎಳೆದವರಿಗೆ, "ಹೌದು, ಅಲ್ಲಿ ಚೆನ್ನಾಗಿ ಕಲಿಸ್ತಾರೆ" ಎಂದು ಹೇಳುವಾಗ ಪ್ರತಿ ಸಲವೂ ನಾಲಿಗೆ ಕಹಿಯಾಗುತ್ತಿತ್ತು.

ಒಂದು ಬೆಳಿಗ್ಗೆ ಮೇಷ್ಟ್ರು ಪಾಠ ನಡೆಸುತ್ತಿದ್ದಾಗ ನಾಲ್ಕು ದಾರಿ ಕೂಡುವಲ್ಲಿ ದೀಪ ಹಸಿರಾಯಿತು. ಮುಂದಿನ ಕಾರು ಮಾತ್ರ ಮುಗ್ಗರಿಸಿ ನಿಂತುಬಿಟ್ಟಿತು. ಅದರ ತಲೆಯ ಮೇಲೆ ಆಚೆ ಸ್ಕೂಲಿನ ಬೋರ್ಡು. ಸ್ಟೀರಿಂಗಿನ ಹಿಂದೆ ಪರಿಚಯದ ಜಡೆ. ಹಿಂದಿನಿಂದ ಲಾರಿ, ಬಸ್ಸು ಎಲ್ಲ ಕೂಗತೊಡಗಿದವು. ಮೇಷ್ಟ್ರ ಪಕ್ಕದಲ್ಲಿ ಕಲಿಯುತ್ತಿದ್ದ ಬ್ಯಾಂಕಿನ ಗುಮಾಸ್ತನೂ ಹಾರ್ನಿನತ್ತ ಕೈ ಎತ್ತಿದ.

"ಬೇಡ" ಎಂದು ಮೇಷ್ಟ್ರು ಅವನ ಕೈ ಹಿಡಿದರು. "ಕಾಯೋಣ."

"ದೀಪ ಕೆಂಪಾಗುತ್ತೆ ಸರ್."

"ಆಗ್ಲಿ."

ದೀಪ ಕೆಂಪಾಯಿತು. ಮುಂದಿನ ಕಾರಿನಲ್ಲಿ ಕನ್ನಡಕದ ಹೆಂಗಸು ಏನೋ ಹೇಳಿದಳು. ಹೆಂಡತಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಗಾಜಿನಾಚೆಗಿನ ಆ ನಗು ಮೇಷ್ಟ್ರಿಗೆ ಕೇಳಿಸಲಿಲ್ಲ, ಕಾಣಿಸಿತು ಅಷ್ಟೇ. ಹೊಟ್ಟೆಯೊಳಗೆ ಅದೇ ಹಳೆಯ ಕಿಚ್ಚು ಮತ್ತೆ ಎದ್ದಿತು. ಅವರು ಅದನ್ನು ಇಟ್ಟುಕೊಂಡೇ ಕೂತರು. ಮತ್ತೆ ಹಸಿರಾದಾಗ ಆ ಕಾರು ಒಂದು ಸಲ ನಡುಗಿ, ಕ್ಲಚ್ ಕಚ್ಚಿ, ಎಡಕ್ಕೆ ತಿರುಗಿ ಹೊರಟುಹೋಯಿತು.

"ನಾವು ಯಾವ ಕಡೆ ಸರ್?" ಎಂದು ಗುಮಾಸ್ತ ಕೇಳಿದ.

"ನೇರ" ಅಂದರು ಮೇಷ್ಟ್ರು, ಎಡಗಡೆಯೇ ನೋಡುತ್ತ.